ನಲವತ್ತೊಂದನೇ ಬೋರು

ಐವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಜನ ಜಗಳಕ್ಕೆ ನಿಲ್ಲುವುದಿಲ್ಲ, ನೆರಳು ಹುಡುಕಿಕೊಂಡು ಹೋಗುತ್ತಾರೆ ಎಂದು ನಮ್ಮ ಇಲಾಖೆಯ ಕೈಪಿಡಿಯಲ್ಲಿ ಬರೆದಿದೆ. ಅದನ್ನು ಬರೆದ ಮಹಾನುಭಾವನನ್ನು ಒಮ್ಮೆ ಫರಸಿಪೇಟೆಗೆ ಕರೆದುಕೊಂಡು ಬರಬೇಕು. ಮೇ ಹದಿನೇಳರ ಮಧ್ಯಾಹ್ನ ನೆರಳಿನಲ್ಲಿ ತೂಗುಹಾಕಿದ ತಾಪಮಾಪಕ ಐವತ್ತೊಂದು ತೋರಿಸುತ್ತಿತ್ತು. ಅದೇ ಹೊತ್ತಿನಲ್ಲಿ ನಮ್ಮೂರಿನ ಮುನ್ನೂರು ಜನ ಕಲ್ಲುಗಣಿಯ ಸುತ್ತಿಗೆ, ಹಾರೆ ಹಿಡಿದು ಬಂದು ಅರವತ್ತೆಂಟು ವರ್ಷದ ಒಬ್ಬ ಮುದುಕನನ್ನು ಕೊಂದರು. ನಾನು ಅಲ್ಲಿಂದ ನಾಲ್ಕು ಮಾರು ದೂರದಲ್ಲಿದ್ದೆ.

ನನ್ನ ಹೆಸರು ಚಂದ್ರಭಾಗಾ. ಭೂತಾಪ ಇಲಾಖೆಯಲ್ಲಿ ಬೋರು ತಪಾಸಣೆಯ ಅಧಿಕಾರಿ. ಅಧಿಕಾರಿ ಎಂದರೆ ದೊಡ್ಡ ಮಾತು. ಇಡೀ ತಾಲೂಕಿಗೆ ನಾನೊಬ್ಬಳೇ, ಒಂದು ಹಳೇ ಜೀಪು, ಒಂದು ನೋಂದಣಿ ಪುಸ್ತಕ. ಬೋರು ಕೊರೆಸುವವರು ಕಾನೂನಿನ ಪ್ರಕಾರ ಕೊರೆಸಿದರೋ ಇಲ್ಲವೋ ಎಂದು ಕಣ್ಣಾರೆ ನೋಡಿ ಸಹಿ ಹಾಕುವುದು ನನ್ನ ಕೆಲಸ.

ಈ ಬೋರುಗಳು ನೀರಿಗಲ್ಲ, ಬಿಸಿ ಹೂಳುವುದಕ್ಕೆ. ಸಾಲಾಗಿ ಮೂರು ಬೇಸಿಗೆ ಜನ ಮನೆಯೊಳಗೆ ಮಲಗಿದಲ್ಲೇ ಸತ್ತ ಮೇಲೆ ಸರ್ಕಾರ ಊರೂರಿಗೆ ತಂಪುಮನೆ ಕಟ್ಟಿಸಿತು. ದೊಡ್ಡ ಸಭಾಂಗಣ, ಏಳುನೂರು ಜನ ಹಿಡಿಸುವಂಥದ್ದು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಇಡೀ ಊರು ಅಲ್ಲೇ. ಯಂತ್ರ ತೀರಾ ಸರಳ. ನೆಲದೊಳಗೆ ಮುನ್ನೂರು ಅಡಿ ಇಳಿದು, ಬುಡದಲ್ಲಿ ಹೊರಳಿ, ಮೇಲೆ ಬರುವ ಒಂದು ಜೋಡಿ ಪೈಪು. ಅದರಲ್ಲಿ ಅದದೇ ನೀರು ಸುತ್ತುತ್ತದೆ. ಹೊರಗಿನ ಮಣ್ಣನ್ನು, ನೀರನ್ನು ಮುಟ್ಟುವುದೇ ಇಲ್ಲ. ಸಭಾಂಗಣದ ಬಿಸಿಯನ್ನು ಹೊತ್ತು ಕೆಳಗಿಳಿದು ಬಂಡೆಗೆ ಕೊಟ್ಟು ಬರುತ್ತದೆ. ಅಂಥ ಅರವತ್ತನಾಲ್ಕು ಬೋರು ನಮ್ಮ ತಂಪುಮನೆಯ ಹಿತ್ತಲಲ್ಲಿವೆ.

ಜನ ಬೇಗ ಹೊಂದಿಕೊಂಡರು. ನೆಲಕ್ಕೆ ಹಾಸುವ ಫರಸಿ ಕಲ್ಲು ಕಡಿಯುವವರು ಬೆಳಗಿನ ನಾಲ್ಕಕ್ಕೆ ಗಣಿಗಿಳಿದು ಹತ್ತಕ್ಕೆ ಮೇಲೆ ಬಂದರು. ಹೆಂಗಸರು ತಂಪುಮನೆಯಲ್ಲೇ ಸೊಪ್ಪು ಸೋಸಿದರು, ವಧು ತೋರಿಸಿದರು, ಗೋಡೆ ಬದಿಯ ಜಾಗಕ್ಕೆ ಜಡೆ ಹಿಡಿದು ಕಾದಾಡಿದರು. ನನ್ನ ಅತ್ತೆ ನಿಂಗಮ್ಮ ಮಾತ್ರ ಅಲ್ಲಿಗೆ ಕಾಲಿಡಲಿಲ್ಲ. "ಹೆಣ ಇಡೋ ತಣ್ಣನ ಪೆಟ್ಟಿಗ್ಯಾಗ ಜೀವ ಇದ್ದಾಗೇ ಯಾಕ ಹೋಗಿ ಕೂಡ್ಲಿ?" ಎನ್ನುತ್ತಿದ್ದಳು. ಒದ್ದೆ ಗೋಣಿತಟ್ಟು ಕಟ್ಟಿದ ಅಡುಗೆಮನೆಯಲ್ಲಿ ಬೀಸಣಿಗೆ ಬೀಸುತ್ತ ಕೂರುತ್ತಿದ್ದಳು. ಅವಳ ಮಗ, ಅಂದರೆ ನನ್ನ ಗಂಡ ಕಾಶಿನಾಥ, ಅದೇ ತಂಪುಮನೆಯ ಯಂತ್ರ ನಡೆಸುವವನು. ಇದಕ್ಕೆ ನಾವು ಮೂವರೂ ನಗುತ್ತಿದ್ದೆವು.

ಬಿಸಿ ಹೂಳುವುದಕ್ಕೆ ಕಾನೂನು ಬಿಗಿಯಾಗಿತ್ತು. ಬಂಡೆಯ ಬಿಸಿ ಮೂವತ್ತಾರು ಡಿಗ್ರಿ ದಾಟಬಾರದು. ಪೈಪಿನ ನೀರಿಗೆ ಹಸಿರು ಬಣ್ಣ ಬೆರೆಸಬೇಕು, ಸೋರಿದರೆ ತಕ್ಷಣ ಕಾಣಲಿ ಎಂದು. ಎಲ್ಲಕ್ಕಿಂತ ದೊಡ್ಡದು ಒಂಬತ್ತನೆಯ ನಿಯಮ: ಪೈಪು ಇಳಿಸಿದ ಬೋರನ್ನು ಇಪ್ಪತ್ತನಾಲ್ಕು ತಾಸಿನೊಳಗೆ ಜೇಡಿಗಾರೆಯಿಂದ ಬುಡದಿಂದ ಬಾಯಿಯವರೆಗೆ ತುಂಬಬೇಕು. ಮೇಲಿನಿಂದ ಸುರಿಯುವಂತಿಲ್ಲ, ಸಣ್ಣ ಪೈಪನ್ನು ಬುಡದವರೆಗೆ ಇಳಿಸಿ, ಕೆಳಗಿನಿಂದ ತುಂಬಿಸುತ್ತ ಮೇಲೆ ತರಬೇಕು. ಗಟ್ಟಿ ಗಾರೆ ಬೋರಿನ ಬಾಯಲ್ಲಿ ಉಕ್ಕುವವರೆಗೆ ಪಂಪು ನಿಲ್ಲಿಸಬಾರದು. ನಡುವೆ ನಿಂತರೆ ಗಾರೆ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ, ಮೇಲೆ ಟೊಳ್ಳು ಉಳಿಯುತ್ತದೆ, ಮತ್ತೆ ಅದರೊಳಗೆ ಏನೂ ಇಳಿಯುವುದಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ನಮ್ಮ ನೆಲ ಅಂಥದ್ದು. ಒಣಗಿದ ಕಟಕ ರೊಟ್ಟಿ ಒಟ್ಟಿ ಇಟ್ಟ ಹಾಗೆ ಕಲ್ಲಿನ ಹಾಸು ಮೇಲೆ ಹಾಸು, ನಡುನಡುವೆ ಸಂದು. ಅರವತ್ತು ಅಡಿಯ ಸಂದಿನಲ್ಲಿ ಹಳೇ ಗಣಿಗುಂಡಿಗಳ ಹೊಲಸು ಹರಿಯುತ್ತದೆ. ಊರ ಕಕ್ಕಸಿನ ನೀರೆಲ್ಲ ನಲವತ್ತು ವರ್ಷದಿಂದ ಅಲ್ಲಿಗೇ. ಇನ್ನೂರ ತೊಂಬತ್ತು ಅಡಿಯ ಸಂದಿನಲ್ಲಿ ಸಿಹಿನೀರು. ಎರಡರ ನಡುವೆ ದೇವರು ಗಟ್ಟಿ ಕಲ್ಲು ಇಟ್ಟಿದ್ದಾನೆ, ನಾವು ಅದಕ್ಕೆ ಅರವತ್ತನಾಲ್ಕು ತೂತು ಕೊರೆದೆವು. ತೂತು ತುಂಬದೆ ಬಿಟ್ಟರೆ ಹೊಲಸಿಗೆ ನಾವೇ ಏಣಿ ಇಟ್ಟ ಹಾಗೆ.

ಕೊರೆದವನು ಮಾಪಣ್ಣ. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ, ಅವನು ನನ್ನನ್ನು, ಮೇಡಂ ಎನ್ನುವ ಹಾಗೆ, ಬಾಯಾರ ಎನ್ನುತ್ತಿದ್ದ. ನಲವತ್ತು ವರ್ಷ ನೀರಿಗಾಗಿ ಬೋರು ಹೊಡೆದವನು. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ, ರಿಗ್ ಲಾರಿಯೇ ಸಂಸಾರ. ಅವನ ಬೋರಿನ ಸುತ್ತ ಒಂದು ಪದ್ಧತಿ ಇತ್ತು. ಕೊರೆಯುವಾಗ ಯಾರೂ ಹಾಳುಮೂಳು ಮಾತಾಡಬಾರದು. ಒಂದು ಮಾತಿಗೆ ಮಾತ್ರ ಅಪ್ಪಣೆ. ಮನೆಯ ಹೆಂಗಸರು ಆಗಾಗ ಬಂದು "ಬಂತೇನ್ರಿ?" ಎಂದು ಕೇಳಬಹುದು. ಅವನು ಧೂಳನ್ನು ಅಂಗೈಯಲ್ಲಿ ಉಜ್ಜಿ ನೋಡಿ ಇಲ್ಲವೆಂದು ತಲೆಯಾಡಿಸುತ್ತಿದ್ದ. ನೀರು ಬಂದ ದಿನ ಮೊದಲ ಬೊಗಸೆ ಹೆಂಗಸರದು, ಅರಿಶಿನ ಕುಂಕುಮ ಹೆಂಗಸರದು.

ಎರಡು ವರ್ಷದ ಹಿಂದೆ ನಲವತ್ತೊಂದನೇ ಬೋರು ಕೊರೆಯುವಾಗ ಇನ್ನೂರ ತೊಂಬತ್ತು ಅಡಿಗೆ ನೀರು ಚಿಮ್ಮಿತು. ಚಿಮ್ಮಿತು ಎಂದರೆ ರಿಗ್ಗಿನ ತುದಿಯವರೆಗೆ. ಮೂರಿಂಚು ನೀರು, ಎಳನೀರಿನಷ್ಟು ಸಿಹಿ. ಬಿಸಿ ಹೂಳಲು ಕೊರೆದ ತೂತಿನಲ್ಲಿ ನೀರು ಬಂದರೆ ಅದು ಕಾನೂನಿನ ಲೆಕ್ಕದಲ್ಲಿ ತೊಡಕು, ನಮ್ಮ ಲೆಕ್ಕದಲ್ಲಿ ಹಬ್ಬ. ಕೆಳಗೇರಿಯ ಹೆಂಗಸರು ಓಡಿ ಬಂದರು. ಯಾರೋ ನನ್ನ ಕೈಗೂ ಕುಂಕುಮದ ಬಟ್ಟಲು ಕೊಟ್ಟರು. ನಾನೂ ಬೊಗಸೆಯೊಡ್ಡಿದೆ, ಕಣ್ಣಿಗೆ ಒತ್ತಿಕೊಂಡೆ, ಕುಡಿದೆ. ಮಾಪಣ್ಣ ಅಳುತ್ತಿದ್ದ.

ಮರುದಿನ ಅದನ್ನು ತುಂಬಬೇಕಾಗಿತ್ತು. ನಾನು ಎದುರು ನಿಂತು ನೋಡಬೇಕಾಗಿತ್ತು. ನೋಡಲಾಗಲಿಲ್ಲ. ನಿನ್ನೆ ಕುಂಕುಮವಿಟ್ಟ ಬಾಯಿಗೆ ಇವತ್ತು ಗಾರೆ ತುರುಕುವುದನ್ನು ನೋಡುವ ಧೈರ್ಯ ನನಗಿರಲಿಲ್ಲ, ಖಂಡಿತ ಇರಲಿಲ್ಲ. ಜೀಪು ಕೆಟ್ಟಿದೆ ಎಂದು ಹೇಳಿ ಕಳಿಸಿ, ಸಂಜೆ ಹೋದೆ. ಬೋರಿನ ಬಾಯಲ್ಲಿ ಗಾರೆ ಒಣಗಿ ನಿಂತಿತ್ತು. "ಆಯ್ತೇನು ಕಾಕಾ?" ಎಂದು ಕೂಡ ಕೇಳದೆ ಪುಸ್ತಕ ತೆಗೆದು 'ಬುಡದಿಂದ ಬಾಯಿಯವರೆಗೆ ತುಂಬಿದ್ದನ್ನು ಕಣ್ಣಾರೆ ಕಂಡಿದ್ದೇನೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ.

ಆ ವರ್ಷದ ಚಳಿಗಾಲದಲ್ಲಿ ನಾವಿರುವ ಕೆಳಗೇರಿಯ ಕುಡಿಯುವ ಬೋರಿನ ನೀರು ಉಗುರುಬೆಚ್ಚಗೆ ಬರತೊಡಗಿತು. ಅತ್ತೆಗೆ ಖುಷಿಯೋ ಖುಷಿ. "ನೋಡವ್ವ, ಕಟ್ಟಿಗಿ ಉಳೀತು" ಎಂದು ಅದರಲ್ಲೇ ಸ್ನಾನ ಮಾಡಿದಳು. ಬೋರು ತಪಾಸಣೆಯ ಅಧಿಕಾರಿಯಾದ ನಾನೂ ಅದರಲ್ಲೇ ತಲೆ ತೊಳೆದುಕೊಂಡೆ. ನನ್ನಂಥ ಅಧಿಕಾರಿಯನ್ನು ಏನೆಂದು ಬಯ್ಯಬೇಕೋ ನೀವೇ ಬಯ್ಯಿರಿ.

ಈ ವರ್ಷ ಮೇ ಹದಿಮೂರಕ್ಕೆ ಕೆಳಗೇರಿಯಲ್ಲಿ ವಾಂತಿಭೇದಿ ಶುರುವಾಯಿತು. ಹದಿನಾರರ ಸಂಜೆಗೆ ಹನ್ನೊಂದು ಜನ ಸತ್ತಿದ್ದರು. ಕಲ್ಲು ಕಡಿಯುವ ಶಾಂತಪ್ಪನ ಹೆಂಡತಿ ಬೆಳಿಗ್ಗೆ ಹೋದಳು, ಸೊಸೆ ಮಧ್ಯಾಹ್ನ ಹೋದಳು. ಒಂದೇ ಚಟ್ಟದ ಬಿದಿರಿಗೆ ಎರಡು ಸಲ ಹಗ್ಗ ಬಿಗಿದರು. ತಂಪುಮನೆಯ ಪೈಪಿನಲ್ಲಿ ಹಸಿರು ವಿಷ ಇದೆ, ಅದು ಸೋರಿ ನೀರಿಗೆ ಸೇರಿದೆ ಎಂದು ಯಾರೋ ಹೇಳಿದರು. ಬೆಳಗಾಗುವುದರೊಳಗೆ ಅದು ಎಲ್ಲರ ಬಾಯಲ್ಲಿತ್ತು. ಪಶುವೈದ್ಯರ ಹಳೇ ಬಾಟಲಿಯೊಂದರ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ, ಅದೇ ವಿಷವೆಂದು ಸಾಬೀತೂ ಆಯಿತು.

ಹದಿನೇಳರ ಬೆಳಿಗ್ಗೆ ನಮ್ಮ ಮನೆಯ ಸರದಿ. ಅಡುಗೆಮನೆಯ ನೆಲದಲ್ಲಿ ಅತ್ತೆ ಮುದುಡಿ ಬಿದ್ದಿದ್ದಳು. ಸೀರೆ, ನೆಲ, ಕೊಡ ಎಲ್ಲ ಹೊಲಸಾಗಿತ್ತು. ಕಣ್ಣು ಒಳಗೆ ಹೋಗಿತ್ತು. ನಾನು ಬಕೀಟು ತಂದು ತೊಳೆಯತೊಡಗಿದೆ.

"ಆ ಪೆಟ್ಟಿಗ್ಯಾಗ ಒಯ್ಯಬ್ಯಾಡ ಕಾಶಿ," ಎಂದಳು.

"ಸುಮ್ನಿರವ್ವ," ಎಂದು ಕಾಶಿನಾಥ ಅವಳನ್ನು ಕೂಸಿನಂತೆ ಎತ್ತಿಕೊಂಡ. ದವಾಖಾನೆಯಲ್ಲಿ ಮಂಚಗಳು ತುಂಬಿದ್ದರಿಂದ ರೋಗಿಗಳನ್ನೆಲ್ಲ ತಂಪುಮನೆಯಲ್ಲೇ ಮಲಗಿಸಿ, ಕಂಬಕ್ಕೆ ಕಂಬಕ್ಕೆ ಹಗ್ಗ ಕಟ್ಟಿ ಸಲೈನು ತೂಗುಹಾಕಿದ್ದರು. ಅತ್ತೆಯನ್ನು ಅಲ್ಲಿ ಮಲಗಿಸಿ, ನರ್ಸಿನ ಕೈಗೊಪ್ಪಿಸಿ, ನಾವಿಬ್ಬರೂ ಪಕ್ಕದ ಯಂತ್ರದ ಕೋಣೆಗೆ ಹೋದೆವು. ಪೈಪು ನಿಜವಾಗಿಯೂ ಸೋರಿದೆಯೇ ಎಂದು ನೋಡಬೇಕಾಗಿತ್ತು.

ಕಾಶಿನಾಥ ಪರದೆ ತೋರಿಸಿದ. ಪೈಪಿನೊಳಗಿನ ಒತ್ತಡ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಹಸಿರು ನೀರು ಒಂದು ಹನಿ ಸೋರಿಲ್ಲ. ಅದರ ಕೆಳಗೆ ಅರವತ್ತನಾಲ್ಕು ಬೋರುಗಳ ಬಿಸಿಯ ಅಂಕಿಗಳಿದ್ದವು. ಮೂವತ್ತೈದು, ಮೂವತ್ತೈದು, ಮೂವತ್ತೈದೂವರೆ. ನಲವತ್ತೊಂದರ ಎದುರಿಗೆ ಮಾತ್ರ ಮೂವತ್ತೊಂದು.

"ಇದ್ಯಾಕ ಹಿಂಗ?" ಎಂದೆ.

"ಇದು ನಮ್ಮ ಕಾಮಧೇನು. ಎಷ್ಟು ಬಿಸಿ ಹಾಕಿದ್ರೂ ಕಾಯಂಗಿಲ್ಲ. ಮೊದಲಿಂದ್ಲೂ ಹಂಗೇ ಅದ," ಎಂದು ಅವನು ಅಂಥ ಹೊತ್ತಿನಲ್ಲೂ ಹೆಮ್ಮೆಯಿಂದ ಹೇಳಿದ.

ಗಾರೆ ತುಂಬಿದ ಬೋರು ಕಾಯಲೇಬೇಕು. ಕಾಯದಿದ್ದರೆ ಅದರೊಳಗೆ ಏನೋ ಹರಿಯುತ್ತಿದೆ, ಬಿಸಿಯನ್ನು ಕಿತ್ತುಕೊಂಡು ಹೋಗುತ್ತಿದೆ. ಅರವತ್ತು ಅಡಿಯ ಹೊಲಸು ಎರಡು ವರ್ಷದಿಂದ ಆ ಪೈಪಿನ ಮೈ ಸವರಿಕೊಂಡು ಕೆಳಗಿಳಿದು, ಬೆಚ್ಚಗಾಗಿ, ಸಿಹಿನೀರಿಗೆ ಸೇರಿ, ಕೆಳಗೇರಿಯ ಕೊಡಗಳಿಗೆ ಹೋಗಿತ್ತು. ಮೊದಮೊದಲು ತುಂಬಿದ ಸಿಹಿನೀರಿನಲ್ಲಿ ಹೊಲಸು ತೆಳುವಾಗಿ ಹೋಗಿರಬೇಕು. ಈ ಬೇಸಿಗೆ ಸಿಹಿನೀರು ತಳ ಕಂಡಾಗ ಎಲ್ಲ ಒಟ್ಟಿಗೆ ಬಂತು.

"ನಲವತ್ತೊಂದು ಮುಚ್ಚಿಲ್ಲ. ಅದರಿಂದನೇ ಇದೆಲ್ಲ," ಎಂದೆ.

"ನೀನೇ ನೋಡಿ ಸಹಿ ಹಾಕೀದಿಯಲ್ಲ?" ಎಂದ ಕಾಶಿನಾಥ. ನಾನು ಹೊರಗೆ ಓಡಿದೆ.

ಮಾಪಣ್ಣ ಗಣಿಯ ದಂಡೆಯ ತನ್ನ ಒಂಟಿ ಕೋಣೆಯಲ್ಲಿ ರೊಟ್ಟಿ ಮುರಿಯುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಕೇಳಿದೆ. "ಕಾಕಾ, ನಲವತ್ತೊಂದು ತುಂಬೀರೇನು?"

ಅವನು ಸುಳ್ಳು ಹೇಳಲಿಲ್ಲ. "ಬಾಯಿ ಮುಚ್ಚೀನ್ರಿ ಬಾಯಾರ. ಮ್ಯಾಲಿನ ಎರಡು ಫೂಟು."

"ಕೆಳಗ?"

"ಕೆಳಗ ಗಂಗವ್ವ ಇದ್ದಾಳ." ರೊಟ್ಟಿ ಕೆಳಗಿಟ್ಟ. "ಏಳುನೂರು ಬೋರು ಹೊಡದೀನಿ. ನಾಕುನೂರರಾಗ ಒಣಾ ಧೂಳ. ಧೂಳ ಬಂದ ಮನಿ ಹೆಣ್ಮಕ್ಕಳು ನನ್ನ ಮಾರಿ ಸುದ್ದಾ ನೋಡ್ತಿರಲಿಲ್ಲ. ಅಂಥಾದ್ರಾಗ ಈಕಿ ಕರೀದೇ ಬಂದಾಳ, ಮೂರಿಂಚು. ಆಕಿ ಬಾಯಾಗ ಗಾರಿ ತುಂಬು ಅಂದ್ರ? ಹಡದ ಕೂಸಿನ ಕುತ್ತಿಗಿ ಹಿಚುಕು ಅಂದಂಗ ಆಯ್ತು. ಈ ಪೈಪೆಲ್ಲ ಎಂದೋ ಒಂದಿನ ಕಿತ್ತು ಹೋಗ್ತಾವ, ನೀರು ಊರಿಗಿ ಉಳೀಲಿ ಅಂದೆ."

"ಗಣಿ ಹೊಲಸು ನಿಮ್ಮ ಬೋರಿನಾಗ ಇಳದು ಕೆಳಗೇರಿ ಕೊಡದಾಗ ಹೋಗ್ಯಾದ ಕಾಕಾ. ಹನ್ನೊಂದು ಮಂದಿ ಸತ್ತಾರ."

ಅವನು ಬಾಯೊಳಗಿನ ತುತ್ತನ್ನು ಅಂಗೈಗೆ ಉಗುಳಿ ನೋಡಿದ.

ನನಗೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಾದ ಸಿಟ್ಟು ಅವನ ಮೇಲೆ ಬಂತು. "ನನಗ ಸುಳ್ಳು ಹೇಳಿದ್ರಿ!" ಎಂದು ಕೂಗಿದೆ.

"ನೀವು ಕೇಳಲೇ ಇಲ್ಲಲ್ರಿ ಬಾಯಾರ," ಎಂದ ಮೆಲ್ಲಗೆ.

ಎದ್ದು ಹೋಗಿ ಮಂಚದ ಮೇಲಿನ ಕೌದಿ ಎಳೆದ. ಅದು ಮಂಚವಾಗಿರಲಿಲ್ಲ. ಜೇಡಿಗಾರೆಯ ಚೀಲಗಳನ್ನು ಒಪ್ಪವಾಗಿ ಒಟ್ಟಿ, ಮೇಲೆ ಕೌದಿ ಹಾಸಿದ್ದ. ನಲವತ್ತೊಂದಕ್ಕೆಂದು ಬಂದವುಗಳಲ್ಲಿ ಉಳಿದ ನಲವತ್ತು ಚೀಲಗಳು. "ಒಂದೂ ಮಾರಿಲ್ಲ. ಸರ್ಕಾರದ್ದು, ಮಾರಬಾರದು. ಎರಡು ವರ್ಷ ಇದರ ಮ್ಯಾಲೇ ಮಲಗೀನಿ," ಎಂದ. ಆಮೇಲೆ ರುಮಾಲು ಸುತ್ತಿಕೊಂಡ. "ನಡೀರಿ. ನಾನೇ ತುಂಬ್ತೀನಿ."

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಅಂದರೆ ಇದೇ. ಆದರೂ ತೋಡಬೇಕಲ್ಲ. ಅವನ ಇಬ್ಬರು ಆಳುಗಳನ್ನು ಕರೆದುಕೊಂಡು, ಟ್ರ್ಯಾಕ್ಟರಿನಲ್ಲಿ ಪಂಪು, ಚೀಲ ಹೇರಿ ತಂಪುಮನೆಯ ಹಿತ್ತಲಿಗೆ ಬಂದಾಗ ಹನ್ನೊಂದು ದಾಟಿತ್ತು. ಬಾಯಿಯ ಗಾರೆಯನ್ನು ಹಾರೆಯಿಂದ ಒಡೆದ ಕೂಡಲೇ ಒಳಗಿನಿಂದ ವಾಸನೆ ಹೊಡೆಯಿತು. ಮಾಪಣ್ಣ ಬಗ್ಗಿ ಕಿವಿಯಿಟ್ಟು ಕೇಳಿದ. ಕೆಳಗೆ ನೀರು ಬೀಳುವ ಸದ್ದು ನನಗೂ ಕೇಳುತ್ತಿತ್ತು. ಅವನು ತೂತಿನ ಅಂಚಿಗೆ ಎರಡು ಬೆರಳು ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು, ಸಣ್ಣ ಪೈಪು ಇಳಿಸತೊಡಗಿದ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಪಂಪು ಶುರುವಾಯಿತು.

ಹನ್ನೆರಡೂಕಾಲಿಗೆ ಮುನ್ನೂರು ಜನ ಬಂದರು.

ಮುಂದೆ ಶಾಂತಪ್ಪ ಇದ್ದ. ಹೆಂಡತಿಯ ಚಿತೆಯ ಬೂದಿ ಇನ್ನೂ ಹಣೆಯಲ್ಲಿತ್ತು, ಹೆಗಲ ಮೇಲೆ ಹದಿನಾರು ಪೌಂಡಿನ ಸುತ್ತಿಗೆ. ಅವರು ಬಂದದ್ದು ಪೈಪು ಒಡೆಯಲು. ಎಲ್ಲ ಅರವತ್ತನಾಲ್ಕು ಬೋರುಗಳ ಪೈಪುಗಳು ಸೇರುವ ದೊಡ್ಡ ಕೊಳವೆ ಹಿತ್ತಲ ಗೋಡೆಗುಂಟ ಇದೆ. ಅದು ಒಡೆದರೆ ನಲವತ್ತು ನಿಮಿಷದಲ್ಲಿ ಒಳಗಿನ ನೂರಾರು ಜನ, ಸಲೈನು ಹಾಕಿಸಿಕೊಂಡು ಮಲಗಿದ ಅವರದೇ ಮಕ್ಕಳುಮರಿ, ಬೇಯತೊಡಗುತ್ತಾರೆ. ಇಬ್ಬರು ಪೊಲೀಸರು ಅಡ್ಡ ನಿಂತರು. ಒಬ್ಬ ಲಾಠಿ ಎತ್ತಿದ. ಫರಸಿಯ ಚೂರೊಂದು ಹಾರಿಬಂದು ಅವನ ಕಿವಿಯನ್ನು ಹರಿದುಕೊಂಡು ಹೋಯಿತು. ಅವನು ಕಿವಿ ಹಿಡಿದು ಕೂತ, ಜನ ಅವನನ್ನು ತುಳಿದುಕೊಂಡೇ ಒಳಬಂದರು. ಇನ್ನೊಬ್ಬ ಓಡಿದ. ನನ್ನ ಜೀಪಿಗೆ ಬೆಂಕಿ ಬಿತ್ತು. ಆ ಬಿಸಿಲಿನಲ್ಲಿ ಉರಿ ಕಾಣಿಸಲೇ ಇಲ್ಲ, ಟೈರು ಸಿಡಿದ ಸದ್ದು ಮಾತ್ರ ಕೇಳಿತು. ಮಾಪಣ್ಣನ ಆಳುಗಳು ಗೋಡೆ ಹಾರಿದರು.

ನಾನು ಟ್ರ್ಯಾಕ್ಟರಿನ ಮೇಲೆ ಹತ್ತಿ ಕಿರುಚಿದೆ. "ಪೈಪಿನಾಗ ವಿಷ ಇಲ್ಲ! ಒಂದು ಬೋರು ಬಾಯ್ತೆರದದ, ಗಣಿ ಹೊಲಸು ಅದರಾಗಿಂದ ಇಳೀಲಾಕತ್ತದ. ಅದನ್ನೇ ತುಂಬ್ಲಾಕತ್ತೀವಿ. ಒಂದು ತಾಸು ಕೊಡ್ರಿ! ಪೈಪು ಒಡದ್ರ ಒಳಗಿದ್ದ ನಿಮ್ಮ ಮಂದೀನೇ ಸಾಯ್ತದ!"

ಮುಂದಿನ ಸಾಲು ನಿಂತಿತು. ಶಾಂತಪ್ಪ ಸುತ್ತಿಗೆ ಇಳಿಸಿದ. ಅವನ ದನಿ ತೀರಾ ತಗ್ಗಿತ್ತು. "ಬಾಯ್ತೆರದು ಬಿಟ್ಟೋರು ಯಾರು?"

ನನ್ನ ಬಾಯಿಗೆ ಮಾತು ಬಂದಿತ್ತು. ಬಂದಿತ್ತೆಂದು ಇವತ್ತಿಗೂ ನಂಬಲು ಇಷ್ಟಪಡುತ್ತೇನೆ. ಅಷ್ಟರಲ್ಲಿ ಪಂಪಿನ ಹತ್ತಿರದಿಂದ ಮಾಪಣ್ಣ ಹೇಳಿದ. "ನಾನು. ನಾನೊಬ್ಬನೇ. ಬಾಯಾರಿಗಿ ಗೊತ್ತಿರಲಿಲ್ಲ."

ನಾನು ಬಾಯಿ ಮುಚ್ಚಿಕೊಂಡೆ.

ಮೊದಲ ಕಲ್ಲು ಅವನ ಭುಜಕ್ಕೆ ಬಿತ್ತು. ಅವನು ತಿರುಗಿಯೂ ನೋಡದೆ ಮುಂದಿನ ಚೀಲ ಹರಿದು ಪಂಪಿನ ಬಾಯಿಗೆ ಸುರಿದ. ಎರಡನೆಯದು ತಲೆಗೆ; ರುಮಾಲು ಕೆಂಪಾಯಿತು. ಆಗಲೂ ಸುರಿದ. ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಚೀಲ ಎಣಿಸುವುದು ಕೇಳುತ್ತಿತ್ತು. ಇಬ್ಬರು ಅವನ ಅಂಗಿ ಹಿಡಿದು ಎಳೆದರು. ಅವನು ಒಂದು ಕೈಯಲ್ಲಿ ಪಂಪಿನ ಕಬ್ಬಿಣ ಹಿಡಿದುಕೊಂಡ. ಹಾರೆಯಿಂದ ಆ ಕೈಗೆ ಹೊಡೆದರು. ಮೂಳೆ ಮುರಿದ ಸದ್ದು ಪಂಪಿನ ಸದ್ದಿನ ನಡುವೆಯೂ ಕೇಳಿಸಿತು.

"ಬಾಯಾರ, ಚೀಲಾ!" ಎಂದು ಕೂಗಿದ. "ನಿಲ್ಲಬಾರದ್ರಿ!"

ನಾನು ಟ್ರ್ಯಾಕ್ಟರಿನಿಂದ ಜಿಗಿದು ಪಂಪಿಗೆ ಓಡಿದೆ. ಚೀಲ ಹರಿದೆ, ಸುರಿದೆ, ನೀರು ಬಿಟ್ಟೆ. ನನ್ನನ್ನು ಯಾರೂ ಮುಟ್ಟಲಿಲ್ಲ. ಅವರಿಗೆ ಬೇಕಾದವನು ಸಿಕ್ಕಿದ್ದ. ನಾಲ್ಕು ಮಾರು ಆಚೆ ಅವನನ್ನು ಫರಸಿಯ ಮೇಲೆ ಕೆಡವಿ ಒದೆಯುತ್ತಿದ್ದರು. ಒದೆಯುವವರ ಚಪ್ಪಲಿ ಹಾರಿಹೋಗಿ, ಕಾದ ಕಲ್ಲಿಗೆ ಅವರ ಅಂಗಾಲೇ ಬೊಬ್ಬೆ ಏಳುತ್ತಿತ್ತು, ಆದರೂ ಒದೆಯುತ್ತಿದ್ದರು. ಸುತ್ತಿಗೆ ಹೊತ್ತ ಶಾಂತಪ್ಪ ಅಲ್ಲೇ ನಿಂತಿದ್ದ, ಯಾಕೋ ಎತ್ತಲಿಲ್ಲ. ನಾನು ಬಲ್ಲವನೇ ಒಬ್ಬ ಅವನ ಕೈಯಿಂದ ಅದನ್ನು ಕಸಿದುಕೊಂಡು ಮುದುಕನ ಮೊಣಕಾಲಿನ ಮೇಲೆ ಬಿಟ್ಟ.

ಆಗ ಯಂತ್ರದ ಕೋಣೆಯ ಬಾಗಿಲು ತೆರೆದು ಕಾಶಿನಾಥ ಬಂದ. ಕೈಯಲ್ಲಿ ಪೈಪು ಬಿಗಿಯುವ ಮೂರಡಿಯ ಪಾನಾ. ನನಗೆ ಜೀವ ಬಂದಂತಾಯಿತು. ಅವನೇನು ಕೈಲಾಗದವನಲ್ಲ, ಊರಲ್ಲಿ ಅವನ ಮಾತಿಗೆ ಬೆಲೆಯಿತ್ತು.

"ಬಿಡಿಸ್ರೀ ಅವರನ್ನ!" ಎಂದು ಕೂಗಿದೆ.

ಅವನು ನನ್ನ ಕಡೆ ನೋಡಿದ. "ಅವ್ವ ಹೋದ್ಳು," ಎಂದ. "ಈಗ. ನನ್ನ ತೊಡಿ ಮ್ಯಾಲೆ."

ಜನ ಅವನಿಗೆ ದಾರಿ ಬಿಟ್ಟರು. ಪಾನಾ ಮೇಲೆದ್ದು ಕೆಳಗಿಳಿಯಿತು.

ನನ್ನ ಕೈಯಲ್ಲಿ ಮೂವತ್ತನಾಲ್ಕನೆಯ ಚೀಲ ಇತ್ತು. ಅದನ್ನು ಬಿಸಾಡಿ ಓಡಿದ್ದರೆ ನನ್ನ ಗಂಡನ ಕೈ ಹಿಡಿಯಬಹುದಿತ್ತು. ಹಿಡಿಯಬಹುದಿತ್ತು ಎಂದೇ ನನಗನಿಸುತ್ತದೆ. ನನ್ನ ಮೇಲೆ ಅವನೆಂದೂ ಕೈ ಮಾಡಿದವನಲ್ಲ. ಆದರೆ ಪಂಪು ಖಾಲಿ ಓಡಿ ಗಾಳಿ ಹಿಡಿದರೆ ಬೋರು ಅರ್ಧಕ್ಕೆ ಕಚ್ಚಿಕೊಳ್ಳುತ್ತಿತ್ತು, ಆ ಏಣಿ ಶಾಶ್ವತವಾಗಿ ಅಲ್ಲೇ ಉಳಿಯುತ್ತಿತ್ತು. ಕೆಳಗೇರಿಯಲ್ಲಿ ಉಳಿದವರೆಲ್ಲ ಆ ನೀರೇ ಕುಡಿಯಬೇಕು. ಇದೆಲ್ಲ ನಾನು ಆಗ ಯೋಚಿಸಿದೆನೋ, ಆಮೇಲೆ ಕಟ್ಟಿಕೊಂಡೆನೋ ಗೊತ್ತಿಲ್ಲ. ಚೀಲ ಹರಿದು ಸುರಿದೆ. ಒಂದು ಚೀಲ ಸುರಿಯುವಷ್ಟರಲ್ಲಿ ಎರಡು ಏಟು. ಮೂವತ್ತೈದು. ಮೂವತ್ತಾರು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. ಸುರಿಯುತ್ತ ನೋಡಿದೆ, ನೋಡುತ್ತ ಸುರಿದೆ.

ಮೂವತ್ತೊಂಬತ್ತನೆಯ ಚೀಲಕ್ಕೆ ಬೋರಿನ ಬಾಯಲ್ಲಿ ಮೊದಲು ನಾರುವ ನೀರು, ಆಮೇಲೆ ತೆಳು ಕೆಸರು, ಆಮೇಲೆ ಮೊಸರಿನಷ್ಟು ಗಟ್ಟಿಯಾದ ಬೂದುಬಣ್ಣದ ಗಾರೆ ಉಕ್ಕಿತು. ಪಂಪು ನಿಲ್ಲಿಸಿದೆ. ಒಮ್ಮೆಲೇ ಎಲ್ಲ ಸ್ತಬ್ಧವಾಯಿತು. ಹೊಡೆಯುವವರೂ ನಿಂತರು, ಪಂಪಿನ ಸದ್ದಿನ ಜೊತೆಗೇ ಅವರ ಕಸುವೂ ಹೋದಂತೆ. ಮಾಪಣ್ಣನ ಮುಖದಲ್ಲಿ ಮುಖ ಉಳಿದಿರಲಿಲ್ಲ. ನಾನು ಹತ್ತಿರ ಹೋಗಿ ಕೂತೆ. ತುಟಿ ಅಲುಗಿತು.

"ಬಂತೇನ್ರಿ?" ಎಂದ.

"ಬಂತು ಕಾಕಾ," ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯದು.

ಐದು ನಿಮಿಷದೊಳಗೆ ಗುಂಪಿನ ಒಂಬತ್ತು ಜನ ಬಿಸಿಲಿನ ಏಟಿಗೆ ಕುಸಿದರು. ಕಾಶಿನಾಥನೂ ಬಿದ್ದ. ಅವರನ್ನೆಲ್ಲ ಹೊತ್ತುಕೊಂಡು ಹೋಗಿ, ಒಡೆಯಲು ಬಂದ ತಂಪುಮನೆಯೊಳಗೇ ಮಲಗಿಸಿದರು. ಕಾಶಿನಾಥನಿಗೆ ಜಾಗ ಸಿಕ್ಕಿದ್ದು ಅವನ ಅವ್ವನ ಹೆಣದ ಪಕ್ಕದಲ್ಲಿ. ಸಂಜೆಗೆ ಅವನಿಗೆ ಎಚ್ಚರವಾಯಿತು.

ನಲವತ್ತೊಂದರ ಅಂಕಿ ವಾರದೊಳಗೆ ಮೂವತ್ತೈದಕ್ಕೆ ಏರಿ ಉಳಿದ ಬೋರುಗಳ ಸಾಲಿಗೆ ಬಂತು. ಹದಿಮೂರನೆಯ ದಿನ ಕೆಳಗೇರಿಯ ನೀರು ಪರೀಕ್ಷೆಯಲ್ಲಿ ಪಾಸಾಯಿತು. ಅಷ್ಟರಲ್ಲಿ ಸತ್ತವರು ಹದಿನೇಳು, ಮಾಪಣ್ಣನನ್ನು ಬಿಟ್ಟು. ಪೊಲೀಸ್ ಠಾಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಹೇಳಿಕೆ ಬರೆಸಿಕೊಂಡರು. ಮುನ್ನೂರು ಜನರದೂ ಒಂದೇ ಮಾತು: ಬಿಸಿಲಿಗೆ ಕಣ್ಣು ಕತ್ತಲಿಟ್ಟಿತ್ತು, ಯಾರು ಹೊಡೆದರೋ ಕಾಣಲಿಲ್ಲ. ಕಿವಿ ಹರಿದ ಪೊಲೀಸನದೂ ಅದೇ. ಸಬ್ ಇನ್‌ಸ್ಪೆಕ್ಟರು ನನಗೆ ಹಾಳೆ ಕೊಟ್ಟು, "ನೀವೂ ಪಂಪಿನ ಕಡೀ ಮಾರಿ ಮಾಡಿದ್ರಲ್ರಿ ಬಾಯಾರ, ನಿಮಗೂ ಕಂಡಿರಂಗಿಲ್ಲ. ಮನ್ಯಾಗ ಕುಂತು ಬರಕೊಂಡು ಬರ್ರಿ," ಎಂದರು. ಒಳ್ಳೆಯ ಮನುಷ್ಯ, ನನ್ನ ಸಂಸಾರ ಉಳಿಸಲು ನೋಡಿದರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಹಾಳೆ ಬಿಚ್ಚಿದೆ. ಅತ್ತೆಯ ಬೀಸಣಿಗೆ ಮೊಳೆಗೆ ನೇತಾಡುತ್ತಿತ್ತು. ಕಾಶಿನಾಥ ಚಹಾ ಮಾಡಿದ. ಎರಡು ವಾರದಿಂದ ಅವನೇ ಮಾಡುತ್ತಿದ್ದ, ಪಾತ್ರೆಯನ್ನೂ ಅವನೇ ತೊಳೆಯುತ್ತಿದ್ದ, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಲೋಟ ನನ್ನ ಮುಂದಿಟ್ಟು ಕೇಳಿದ. "ಏನ್ ಬರೀತಿ?"

"ನೋಡಿದ್ದು."

"ನೋಡ್ದೇನೇ ನೋಡೀನಿ ಅಂತ ಬರದೀದಿ ಒಮ್ಮೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡುತ್ತಿದ್ದ. "ಈ ಸಲ ನೋಡಿನೂ ನೋಡಿಲ್ಲ ಅಂತ ಬರಿ. ನನ್ನ ಸಲುವಾಗಿ."

ಹದಿನೆಂಟು ವರ್ಷ ಬಾಳಿದ ಗಂಡ. ನನಗೆ ಜ್ವರ ಬಂದರೆ ಎರಡು ರಾತ್ರಿ ನಿದ್ದೆಗೆಟ್ಟು ಕೂತವನು. ಅವನ ಕೈ ನೋಡಿದೆ. ಪಾನಾ ಹಿಡಿದ ಅಂಗೈಯಲ್ಲಿ ಎದ್ದಿದ್ದ ಬೊಬ್ಬೆ ಒಣಗಿ ಸಿಪ್ಪೆ ಏಳುತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅವನು ಎದುರಿಗೆ ಕೂತು ಕಾದ.

ಆಮೇಲೆ ಬರೆದೆ. ಮೊದಲು ನನ್ನ ಹೆಸರು: ನಲವತ್ತೊಂದನೇ ಬೋರು ತುಂಬುವುದನ್ನು ನಾನು ನೋಡಿರಲಿಲ್ಲ, ಆ ಸಹಿ ಸುಳ್ಳು; ಮಾಪಣ್ಣ 'ನಾನೊಬ್ಬನೇ' ಎಂದಾಗ ನಾನು ಸುಮ್ಮನಿದ್ದೆ. ಎರಡನೆಯದು ಹಾರೆ ಬೀಸಿದವರ, ಸುತ್ತಿಗೆ ಕಸಿದವನ ಹೆಸರು. ಮೂರನೆಯದು ಕಾಶಿನಾಥನದು, ಎಷ್ಟು ಏಟು ಎಂಬುದರ ಸಮೇತ. ನಾಲ್ಕನೆಯದು, ಪಂಪು ಬಿಟ್ಟು ಬಿಡಿಸಲು ಹೋಗಬಹುದಿತ್ತು, ಹೋಗಲಿಲ್ಲ ಎಂಬುದು. ಅವನು ಎದುರಿನಿಂದಲೇ, ತಲೆಕೆಳಗಾಗಿ ಕಾಣುವ ಒಂದೊಂದು ಸಾಲನ್ನೂ ಓದುತ್ತಿದ್ದ, ಹಾಳೆ ಕಸಿದುಕೊಳ್ಳಲಿಲ್ಲ.

ಕೊನೆಗೆ 'ಕಣ್ಣಾರೆ ಕಂಡಿದ್ದೇನೆ' ಎಂದು ಬರೆದು ಸಹಿ ಹಾಕಿದೆ. ಚಹಾ ಆರಿಹೋಗಿತ್ತು. ಇಬ್ಬರೂ ಕುಡಿದು, ಬಿಸಿಲೇರುವ ಮೊದಲೇ ಒಟ್ಟಿಗೆ ಠಾಣೆಗೆ ಹೊರಟೆವು.